ನೆಲಕ್ಕೆ ಬಿಡಬೇಕಿದ್ದ ಮೊದಲ ತೊಟ್ಟು

ಗುಬ್ಬಿಯ ಕೊಬ್ಬರಿ ಮಂಡಿಯಲ್ಲಿ ಬೆಳಕು ಹರಿಯುವ ಮೊದಲೇ ಕಾಯಿ ಒಡೆಯುವ ಟಕ್ ಟಕ್ ಸದ್ದು ಶುರುವಾಗುತ್ತದೆ. ಹಿಂದಿನ ಸಾಲುಮನೆಯಲ್ಲಿ ಬೆಟ್ಟಸ್ವಾಮಿ ಏಳುವುದು ಆ ಸದ್ದಿಗೇ. ಎದ್ದವನು ಬಲಗೈಯ ಬೆರಳುಗಳನ್ನು ಒಂದೊಂದಾಗಿ ಹಲ್ಲಲ್ಲಿ ಕಚ್ಚಿ ನೋಡಿಕೊಳ್ಳುತ್ತಿದ್ದ. ಹೆಬ್ಬೆರಳಿಗೆ ನೋವು ತಿಳಿಯದೆ ಎಂಟು ತಿಂಗಳಾಗಿತ್ತು. ಸಕ್ಕರೆ ಕಾಯಿಲೆಯಿಂದ ಬಂದ ಜೋಮು ಎಂದು ಡಾಕ್ಟರು ಹೇಳಿದ್ದು ಹೆಂಡತಿ ಭದ್ರಮ್ಮನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಊರಾಚೆಯ ಮೀನುಮರಿ ಫಾರಂನಲ್ಲಿ ಅವನದು ಇಪ್ಪತ್ತಾರು ವರ್ಷದ ಕೆಲಸ. ಗಂಡು ಗೆಂಡೆ ಮೀನನ್ನು ಕಂಕುಳಲ್ಲಿ ಅವುಚಿಕೊಂಡು, ಹೊಟ್ಟೆಯನ್ನು ಒಣಬಟ್ಟೆಯಲ್ಲಿ ಒರೆಸಿ, ಹೆಬ್ಬೆರಳಿನಿಂದ ಒತ್ತಿ ವೀರ್ಯ ಇಳಿಸಬೇಕು. ಮೊದಲು ಬರುವುದು ಉಚ್ಚೆ. ಅದನ್ನು ನೆಲಕ್ಕೆ ಬಿಟ್ಟು, ಆಮೇಲೆ ಬರುವ ಹಾಲಿನಂಥದ್ದನ್ನು ಮೊಟ್ಟೆಯ ಬೋಸಿಗೆ ಹಿಡಿದು ಕೋಳಿಗರಿಯಲ್ಲಿ ಕಲಸಬೇಕು. ಒತ್ತು ತಪ್ಪಿದರೆ ಉಚ್ಚೆಯೂ ಜೊತೆಗೆ ಬಂದುಬಿಡುತ್ತದೆ. ಎಲ್ಲಿ, ಎಷ್ಟು ಒತ್ತಬೇಕೆಂಬುದು ಹೆಬ್ಬೆರಳಿಗಷ್ಟೇ ಗೊತ್ತಿತ್ತು.

ಈ ಸಲ ಸತತ ಮೂರು ವಾರ ಮೊಟ್ಟೆಗಳು ಬೆಳ್ಳಗಾಗಿ ಕೊಳೆತವು.

"ಗಂಡುಗಳು ಕೆಟ್ಟವೆ ಸಾರ್," ಎಂದಿದ್ದ ಬೆಟ್ಟಸ್ವಾಮಿ.

ಫಾರಂ ಮಾಲೀಕ ಭಾನುಪ್ರಕಾಶ್ ಅವನ ಮಾತು ಮೀರಿದವನಲ್ಲ. ಬೆರಳುದ್ದ ಇದ್ದಾಗಿನಿಂದ ಬೆಟ್ಟಸ್ವಾಮಿಯೇ ಸಾಕಿದ್ದ ಹದಿನಾಲ್ಕು ಗಂಡುಗಳು ಮಾರ್ಕೆಟ್ಟಿಗೆ ಹೋದವು. ಉಳಿದ ಆರನ್ನಾದರೂ ಒಮ್ಮೆ ನೋಡಲಿ ಎಂದು ತುಮಕೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಅಪರ್ಣ ಮೇಡಂ ಅವರನ್ನು ಮಾಲೀಕ ಕರೆಸಿದ.

ಬೆಟ್ಟಸ್ವಾಮಿ ಒಂದು ಗಂಡಿನಿಂದ ವೀರ್ಯ ಇಳಿಸಿಕೊಟ್ಟ. ಅಪರ್ಣ ಒಂದು ಹನಿ ನೀರು ಬೆರೆಸಿ ಮೈಕ್ರೋಸ್ಕೋಪಿನಲ್ಲಿ ನೋಡಿದಳು. ಅಲ್ಲೊಂದು ಇಲ್ಲೊಂದು ಮಿಸುಕಿದ್ದು ಬಿಟ್ಟರೆ ಏನೂ ಅಲುಗಲಿಲ್ಲ.

"ಏನ್ ಬೆಟ್ಟಣ್ಣ, ಮದ್ವೆ ಮನೇಗ್ ಬಂದು ಮಲಗ್‌ಬಿಟ್ಟವ್ರಲ್ಲ ನಿನ್ ಗಂಡುಗಳು!" ಎಂದು ನಕ್ಕ ಭಾನುಪ್ರಕಾಶ್, ಮೀನಿನ ವ್ಯಾಪಾರಿ ಯಲ್ಲಯ್ಯನಿಗೆ ಫೋನು ಮಾಡಲು ಹೊರಗೆ ಹೋದ.

ಅಪರ್ಣ ಅದೇ ಮೀನನ್ನು ಎತ್ತಿಕೊಂಡಳು. ಹೊಟ್ಟೆ ಒರೆಸಿ, ಮೊದಲ ತೊಟ್ಟುಗಳನ್ನು ನೆಲಕ್ಕೆ ಬಿಟ್ಟು, ಆಮೇಲಿನದನ್ನು ಗಾಜಿನ ಮೇಲಿಟ್ಟಳು.

"ನೋಡಣ್ಣ."

ಅವನು ಕಣ್ಣಿಟ್ಟ. ಚುಕ್ಕಿಗಳೆಲ್ಲ ನಿಂತಿದ್ದವು. "ಇವೂ ಸತ್ತೋಗವೆ ಮೇಡಂ."

"ಸತ್ತಿಲ್ಲ. ಈ ದ್ರವದಲ್ಲಿ ಉಪ್ಪು, ಪೊಟ್ಯಾಸಿಯಂ ಹದವಾಗಿ ಇರೋವರ್ಗೂ ಸುಮ್ನಿರ್ತವೆ." ಅವಳು ನೀರು ತಾಕಿಸಿದಳು. ಕಟ್ಟೆ ಒಡೆದ ಹಾಗೆ ಚುಕ್ಕಿಗಳೆಲ್ಲ ಒಟ್ಟಿಗೆ ನುಗ್ಗಿದವು. ಅವನು ಉಸಿರು ಹಿಡಿದು ನೋಡಿದ. ಒಂದು ನಿಮಿಷ ಆಗುವಷ್ಟರಲ್ಲಿ ಎಲ್ಲವೂ ನಿಂತವು.

"ಇವುಕ್ಕೆ ಇರೋ ಓಟ ಇಷ್ಟೇ ಅಣ್ಣ. ನೀವ್ ಇಳಿಸಿದ್ರಲ್ಲಿ ಆದಂಗೆ ಉಚ್ಚೆ ಸೇರಿದ್ರೆ ಹದ ಕೆಟ್ಟು, ಮೊಟ್ಟೆ ಮುಟ್ಟೋಕ್ ಮುಂಚೆನೇ ಓಡಿ ಮುಗಿಸ್‌ಬಿಡ್ತವೆ." ಅವಳು ದನಿ ತಗ್ಗಿಸಿದಳು. "ಬೆರಳಿಗೆ ತಿಳಿಯುತ್ತಾ ನಿಮ್ಗೆ?"

ಅವನು ಕೈಯನ್ನು ಲುಂಗಿಗೆ ಒರೆಸಿಕೊಂಡ. ತಾನು ಸುಮ್ಮನಿದ್ದರೆ ಅವಳೂ ಸುಮ್ಮನಿರುತ್ತಾಳೆ ಎನ್ನಿಸಿತು. ಆರು ಮೀನು ಹೋಗುತ್ತವೆ, ಕೆಲಸ ಉಳಿಯುತ್ತದೆ. ತೊಟ್ಟಿಯಲ್ಲಿ ಅವು ಬಾಯಿ ಮೇಲೆತ್ತಿ ತಿರುಗುತ್ತಿದ್ದವು, ಮೇವು ಹಾಕಲು ಅವನು ಬಂದನೆಂದು ತಿಳಿದು.

ಭಾನುಪ್ರಕಾಶ್ ಒಳಗೆ ಬಂದ. "ಯಲ್ಲಯ್ಯ ಗಾಡಿ ತರ್ತಾವ್ನೆ. ಆರೂ ತುಂಬ್ಸು ಬೆಟ್ಟಣ್ಣ."

"ಬ್ಯಾಡಿ ಸಾರ್. ಇವು ಚೆನ್ನಾಗವೆ."

"ನೀನೇ ತಾನೇ ಹೇಳಿದ್ದು?"

"ಹೂಂ, ನಾನೇ. ಆ ಹದಿನಾಲ್ಕೂ ಚೆನ್ನಾಗೇ ಇದ್ವು. ಕೆಟ್ಟಿದ್ದು ನನ್ ಕೈ. ಗೊತ್ತಿದ್ದೂ ಗೊತ್ತಿದ್ದೂ ನಾನು ಅವುನ್ನ..." ಎನ್ನುತ್ತಲೇ ಅವನು ಇಬ್ಬರ ನಡುವೆ ದಾರಿ ಮಾಡಿಕೊಂಡು, ತೊಟ್ಟಿಗಳ ಕಡೆ ತಿರುಗಿಯೂ ನೋಡದೆ, ಗೇಟು ದಾಟಿ ನಡೆದುಬಿಟ್ಟ.