ಸಾಕು ಅಂದರೆ ಸಾಕು

ಹೋದ ತಿಂಗಳು ಸಿರಾ ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ, ಹೆಗಲ ತುಂಬ ಕರಿ ಕಂಬಳಿ ಹೇರಿಕೊಂಡ ಮುದುಕನೊಬ್ಬ ನನ್ನನ್ನು ಉಜ್ಜಿಕೊಂಡೇ ಹಾದುಹೋದ. ಹೊಸ ಕಂಬಳಿಗೆ ಅದರದೇ ಒಂದು ವಾಸನೆ ಇದೆ. ಕುರಿಯುಣ್ಣೆಯ ಜಿಡ್ಡು, ನೂಲು ಗಟ್ಟಿಯಾಗಲೆಂದು ಬಳಿಯುವ ಹುಣಸೆ ಬೀಜದ ಗಂಜಿ, ಎರಡೂ ಸೇರಿ ಮೂಗಿನೊಳಗೆ ಸ್ವಲ್ಪ ಹುಳಿಯಾಗಿ, ಸ್ವಲ್ಪ ಒಗರಾಗಿ ಕೂರುವ ವಾಸನೆ. ನಾನು ಹತ್ತಬೇಕಿದ್ದ ಬಸ್ಸು ಬಂತು, ಹೋಯಿತು. ನಾನು ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟೆ. ಮೊಣಕೈ, ಹಿಮ್ಮಡಿ, ಭುಜದ ಹಿಂಭಾಗ, ಚಿಕ್ಕಂದಿನಲ್ಲಿ ಕಂಬಳಿ ಚುಚ್ಚುತ್ತಿದ್ದ ಜಾಗಗಳೆಲ್ಲ ಒಂದಾದ ಮೇಲೊಂದು ತುರಿಸತೊಡಗಿದವು. ನೆನಪನ್ನು ಪೂರ್ತಿ ನಂಬಬಾರದು ಎಂದು ವಿಶ್ವವಿದ್ಯಾಲಯದಲ್ಲಿ ಓದಿದವಳು ನಾನು. ದಿನಾ ರಾತ್ರಿ ಡೈರಿ ಬರೆಯುವ ಅಭ್ಯಾಸ ಶುರುವಾದದ್ದೂ ಆ ಅನುಮಾನದಿಂದಲೇ. ಆದರೆ ಚರ್ಮ ತುರಿಸಿದ್ದು ನಿಜ. ಆ ತುರಿಕೆಯನ್ನು ಹಿಡಿದುಕೊಂಡು ಎಷ್ಟು ದೂರ ಹೋಗಬಹುದೋ ಅಷ್ಟು ದೂರ ಹೋಗುತ್ತೇನೆ.

ಮಧುಗಿರಿಯಲ್ಲಿ, ಕೋಟೆ ಬೆಟ್ಟ ಬಾಗಿಲಿಗೇ ಬಂದು ನಿಂತಂತೆ ಕಾಣುತ್ತಿದ್ದ ಒಂದು ಬೀದಿಯಲ್ಲಿ ನಮ್ಮ ಮನೆಯಿತ್ತು. ಈಗ ಅಲ್ಲಿ ಸಾಲು ಅಂಗಡಿಗಳಿವೆ. ಉದ್ದನೆಯ ಪಡಸಾಲೆ, ನಾಲ್ಕು ಮರದ ಕಂಬ, ಮೂಲೆಯಲ್ಲಿ ಕಡಲೆಕಾಯಿ ಮೂಟೆಗಳು. ಮೂಟೆ ಒಟ್ಟಿದ ದಿನಗಳಲ್ಲಿ ಮಣ್ಣಿನ ಬಿಸಿ ವಾಸನೆ ಮನೆಯೆಲ್ಲ ಹರಡುತ್ತಿತ್ತು. ಆ ಪಡಸಾಲೆಯಲ್ಲಿ ಬೆಳಗಿನ ಜಾವ, ತಾತ ತೋಟದ ಕಡೆ ಹೋದ ಮೇಲೆ, ನನ್ನ ಸೋದರತ್ತೆ ಗೌರತ್ತೆ ಕಂಬಳಿ ಹಾಸುತ್ತಿದ್ದಳು. ಹೊಳವನಹಳ್ಳಿಯ ಶಾಲೆಯಲ್ಲಿ ಅವಳು ಡ್ರಿಲ್ ಟೀಚರ್. ಏಳೂವರೆ ಬಸ್ಸಿಗೆ ಹೋಗಬೇಕು. ಅದಕ್ಕೆ ಮೊದಲು ಅಕ್ಕಪಕ್ಕದ ಐದಾರು ಹೆಂಗಸರಿಗೂ ನನಗೂ ಯೋಗ ಹೇಳಿಕೊಡುತ್ತಿದ್ದಳು. ಯೋಗ ಎಂಬ ಮಾತನ್ನು ನಮ್ಮಜ್ಜಿ ಒಮ್ಮೆಯೂ ಆಡಿದ್ದು ನನಗೆ ನೆನಪಿಲ್ಲ. "ಗೌರಿ ಹೆಂಗಸ್ರನ್ನ ಕಂಬಳಿ ಮೇಲೆ ಹೊರಳಾಡ್ಸ್ತವ್ಳೆ" ಎನ್ನುತ್ತಿದ್ದಳು.

ಹೊರಳಾಡಿಸುತ್ತಿರಲಿಲ್ಲ. ಆ ಪಡಸಾಲೆಯಲ್ಲಿ ಆಗುತ್ತಿದ್ದುದು ಬಹಳ ನಿಧಾನದ ಕೆಲಸ. ಹೊಟ್ಟೆ ಖಾಲಿ ಇರಬೇಕು, ಆದರೆ ಹಸಿದು ತಲೆ ತಿರುಗುತ್ತಿರಬಾರದು. ಬಗ್ಗುವ ಮೊದಲು ಮೊಣಕಾಲು ಸಡಿಲ ಬಿಡಬೇಕು. ಭುಜದ ಮೇಲೆ ನಿಲ್ಲುವ ಆಸನಕ್ಕೆ ಕಂಬಳಿಯನ್ನು ದಪ್ಪಗೆ ಮಡಿಸಿ ಭುಜದ ಕೆಳಗಿಡಬೇಕು, ಕತ್ತು ಮಾತ್ರ ಕಂಬಳಿಯಿಂದ ಆಚೆ, ಭಾರ ತಾಗದಂತೆ ಇರಬೇಕು. ಬಿ.ಪಿ. ಇದ್ದವರಿಗೆ ತಲೆ ಕೆಳಗಾಗುವುದು ಯಾವುದೂ ಇಲ್ಲ. ಮಕ್ಕಳಿಗೆ ಶೀರ್ಷಾಸನ ಇಲ್ಲವೇ ಇಲ್ಲ, ನಾನು ಎಷ್ಟು ಅತ್ತರೂ ಇಲ್ಲ. ಉಸಿರು ಮೂಗಿನಲ್ಲಿ ಸಲೀಸಾಗಿ ಹೋಗಿ ಬರುತ್ತಿದ್ದರೆ ಆಸನ ನಿನ್ನದು, ಉಸಿರು ಕಟ್ಟಿತೋ ಹಿಂದಕ್ಕೆ ಬರಬೇಕು. ಬರುವಾಗಲೂ ಹೋದಷ್ಟೇ ನಿಧಾನ. ಕೊನೆಯಲ್ಲಿ ಎಲ್ಲರೂ ಅಂಗಾತ ಮಲಗುತ್ತಿದ್ದೆವು. ಪಕ್ಕದ ಮನೆಯ ಸೊಸೆ ಲಕ್ಷ್ಮಕ್ಕ ಪಾವಗಡದವಳು, ತೆಲುಗು ಬೆರೆಸದೆ ಒಂದು ಮಾತೂ ಆಡದವಳು. ಅವಳಿಗೆ ಮಲಗಿದ ಕೂಡಲೇ ಗೊರಕೆ.

"ಲಕ್ಷ್ಮಕ್ಕ, ನಿದ್ದೆ ಅಲ್ಲ ಕಣೇ, ಎಚ್ಚರವಾಗಿ ಮಲಗ್ಬೇಕು."

"ಅಯ್ಯೋ, ಏಮಿ ಚೇಸೇದಿ, ಏನ್ ಮಾಡ್ಲಿ ಟೀಚರಮ್ಮ? ನಮ್ಮತ್ತೆ ಮನೇಲಿ ಎಚ್ಚರವಾಗೇ ಇರ್ತೀನಿ. ಇಲ್ಲಾದ್ರೂ ಮಲಗಾಕ್ ಬುಡಿ."

ಗೌರತ್ತೆ ನಕ್ಕು ಬಿಟ್ಟುಬಿಟ್ಟಳು. ಮನಸ್ಸು ಸುಮ್ಮನೆ ಕೂರುವುದಿಲ್ಲವಲ್ಲ ಎಂದು ನಾನು ದೂರಿದಾಗಲೂ ಅಷ್ಟೇ. "ಕೂರ್ಸಾಕ್ ಹೋಗ್ಬ್ಯಾಡ. ಎಲ್ಲೆಲ್ಲಿ ಓಡ್ತೈತೋ ನೋಡ್ತಾ ಇರು, ಸುಸ್ತಾಗಿ ಅದೇ ಬತ್ತೈತೆ" ಎಂದಿದ್ದಳು.

ಈ ಎಲ್ಲಕ್ಕಿಂತ ಮೇಲೆ ಅವಳದೊಂದು ಕಟ್ಟಳೆ ಇತ್ತು. ಕಂಬಳಿಯ ಮೇಲೆ ಯಾರು ಯಾವಾಗ "ಸಾಕು" ಅಂದರೂ ಅಲ್ಲಿಗೆ ನಿಂತಿತು. ಯಾಕೆ ಎಂದು ಕೇಳುವಂತಿಲ್ಲ, ನಗುವಂತಿಲ್ಲ, "ಇನ್ನೊಂಚೂರು" ಅನ್ನುವಂತಿಲ್ಲ. ಇದರಲ್ಲೇನು ದೊಡ್ಡದು ಎಂದು ನಿಮಗನ್ನಿಸಿದರೆ, ನೀವು ನಮ್ಮ ಕಡೆಯ ಮನೆಯೊಂದರಲ್ಲಿ ಊಟಕ್ಕೆ ಕೂತವರಲ್ಲ. ನಮ್ಮಲ್ಲಿ ಎಲೆಯ ಮುಂದೆ ಕೂತವರು "ಸಾಕು" ಎನ್ನುವುದು ಮರ್ಯಾದೆಗೆ. ಅದನ್ನು ನಂಬಿ ಸೌಟು ಹಿಂದೆ ತೆಗೆದರೆ ಬಡಿಸುವವರಿಗೆ ಅವಮಾನ. ಎಲೆಯ ಮೇಲೆ ಅಡ್ಡ ಹಿಡಿದ ಕೈಯ ಸಂದಿಯಲ್ಲೇ ಅಜ್ಜಿ ಇನ್ನೊಂದು ಮುದ್ದೆ ಇಳಿಸುತ್ತಿದ್ದಳು, ಬಿಸಿ ಸಾರು ಬೆರಳ ಮೇಲೆ ಬಿದ್ದರೂ ಸರಿ. ಎಲ್ಲರೂ ನಗುತ್ತಿದ್ದರು. ಅದು ಪ್ರೀತಿ, ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಮಾತನ್ನು ಕೇಳಿಯೂ ಕೇಳದಂತಿರುವುದನ್ನು ನಾವೆಲ್ಲ ಊಟದ ಎಲೆಯ ಮುಂದೆಯೇ ಕಲಿತೆವು ಎಂದು ಈಗ ಅನ್ನಿಸುತ್ತದೆ.

ಗೌರತ್ತೆ ಮದುವೆಯಾಗಿ ತೋವಿನಕೆರೆ ಕಡೆಯ ಮನೆಗೆ ಹೋದವಳು, ಎರಡೇ ವರ್ಷಕ್ಕೆ ಟ್ರಂಕು ಹಿಡಿದು ವಾಪಸಾದಳಂತೆ. ಯಾಕೆ ಬಂದೆ ಎಂದು ತಾತ ಕೇಳಿದ್ದಕ್ಕೆ "ಸಾಕಾಯ್ತು, ಬಂದ್ಬುಟ್ಟೆ" ಎಂದಷ್ಟೇ ಹೇಳಿದಳಂತೆ. ಇದು ನಾನು ಹುಟ್ಟುವ ಮೊದಲಿನ ಸಂಗತಿ, ಅಮ್ಮನ ಬಾಯಿಂದ ಕೇಳಿದ್ದು. ಆ ಮಾತಿಗೂ ಕಂಬಳಿಯ ಕಟ್ಟಳೆಗೂ ಗಂಟು ಹಾಕುತ್ತಿರುವವಳು ನಾನೇ ಇರಬಹುದು. ಗೌರತ್ತೆ ಹಾಗೆ ಎಂದೂ ಹೇಳಲಿಲ್ಲ. ಅವಳಿಗೆ ಬೆನ್ನುನೋವಿತ್ತು, ಶಿಕ್ಷಕರ ತರಬೇತಿಯಲ್ಲಿ ಯೋಗ ಕಲಿತಳು, ನೋವು ಹಿಡಿತಕ್ಕೆ ಬಂತು, ಅಷ್ಟೇ ಎನ್ನುತ್ತಿದ್ದಳು.

ನಾನು ಐದನೇ ತರಗತಿಯಲ್ಲಿದ್ದಾಗ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಯೋಗ ಪ್ರದರ್ಶನ ಇಡಬೇಕೆಂದು ತೀರ್ಮಾನವಾಯಿತು. ನಮ್ಮ ಚಿಕ್ಕಪ್ಪ ಆ ಸಮಿತಿಯಲ್ಲಿದ್ದ. ಹೊರಗಿನಿಂದ ಒಬ್ಬ ಯೋಗದ ಮೇಷ್ಟ್ರನ್ನು ಕರೆಸಿದ್ದರು. ನನ್ನ ಹೆಸರನ್ನು ಚಿಕ್ಕಪ್ಪನೇ ಕೊಟ್ಟುಬಂದ.

"ಪ್ರದರ್ಶನಕ್ಕೆಲ್ಲ ಬ್ಯಾಡ ಕಣಪ್ಪ" ಎಂದಳು ಗೌರತ್ತೆ. "ನೋಡೋರಿದ್ರೆ ಮಕ್ಳು ಉಸಿರು ಮರೀತವೆ."

"ನಿನ್ ಕಂಬಳಿ ಯೋಗ ಮನೇಲಿ ಇಟ್ಕೊ ಅಕ್ಕ. ಇದು ಸ್ಟೇಜು. ಜನ ಚಪ್ಪಾಳೆ ಹೊಡೀಬೇಕು."

ಸಂಜೆ, ಶಾಲೆಯ ಮೈದಾನ, ಶಾಮಿಯಾನ. ನಾನು ಬಿಳಿ ಬಟ್ಟೆ ಹಾಕಿಕೊಂಡು ಹಲಗೆಯ ವೇದಿಕೆಯ ಮೇಲೆ ಕಾಲು ಚಾಚಿ ಕೂತಿದ್ದೆ. ಮುಂದಕ್ಕೆ ಬಗ್ಗಿ ಕೈಯಿಂದ ಪಾದ ಹಿಡಿಯುವ ಆಸನ. ನನ್ನ ಬೆರಳು ಕಣಕಾಲಿನವರೆಗೆ ಹೋಗಿ ನಿಂತಿತು. ಮೇಷ್ಟ್ರು ಬಂದು ನನ್ನ ಬೆನ್ನ ಮೇಲೆ ಅಂಗೈಯಿಟ್ಟು ಒತ್ತಿದರು. ತೊಡೆಯ ಹಿಂದಿನಿಂದ ಸೊಂಟದವರೆಗೆ ಏನೋ ತಂತಿ ಎಳೆದಂತಾಯಿತು.

"ಸಾಕು ಸಾರ್" ಎಂದೆ.

ಅವರ ಇನ್ನೊಂದು ಕೈಯಲ್ಲಿ ಮೈಕಿತ್ತು. "ಸಾಕಂತೆ! ನಮ್ ಜನ ಊಟಕ್ಕೆ ಕೂತಾಗ ಯಾರಾದ್ರೂ ಬೇಕು ಅಂತಾರೇನ್ರಪ್ಪ? ಬಡಿಸ್ತಾ ಇರ್ಬೇಕು!" ಮೈದಾನವೆಲ್ಲ ನಕ್ಕಿತು. ಅವರು ಕೆಟ್ಟವರಾಗಿರಲಿಲ್ಲ, ಈ ಮಾತನ್ನು ಬೇಕೆಂದೇ ಬರೆಯುತ್ತಿದ್ದೇನೆ. ನನ್ನ ಮಾತನ್ನು ಅವರು ಎಲೆಯ ಮುಂದಿನ ಮಾತೆಂದೇ ತಿಳಿದರು. ಮತ್ತೆ ಒತ್ತಿದರು. ನಾನು ಮತ್ತೆ ಅಂದೆ. ಮತ್ತೆ ನಗು. ಆಮೇಲೆ ನನ್ನ ಬಾಯಿಂದ ಮಾತು ಹೊರಡಲಿಲ್ಲ, ಉಸಿರು ಎದೆಯಲ್ಲಿ ಕಟ್ಟಿಹೋಗಿತ್ತು.

ಗೌರತ್ತೆ ವೇದಿಕೆಗೆ ಹೇಗೆ ಬಂದಳೋ ಗೊತ್ತಿಲ್ಲ. ಮೆಟ್ಟಿಲು ಹತ್ತಿ ಬಂದಳು ಎಂದು ನನ್ನ ನೆನಪು. ಅಲ್ಲೇ ಕೂತಿದ್ದ ಲಕ್ಷ್ಮಕ್ಕ, ಅವಳು ಮುಂದಿನಿಂದಲೇ ಸೀರೆ ಎತ್ತಿಕಟ್ಟಿ ಹಲಗೆ ಮೇಲೆ ಹಾರಿದಳು ಎಂದು ಈಗಲೂ ಹೇಳುತ್ತಾಳೆ. ಎರಡರಲ್ಲಿ ಯಾವುದಾದರೂ ಇರಲಿ. ಮಾತು ಮಾತ್ರ ಇಬ್ಬರಿಗೂ ಒಂದೇ ನೆನಪಿದೆ.

"ಕೈ ತೆಗೀರಿ."

"ನೀವ್ ಯಾರಮ್ಮ? ಗೊತ್ತಿಲ್ದೋರು ಮಧ್ಯೆ ಬರಬಾರದು."

"ಬೆನ್ನು ಆ ಮಗೀದು. ಸಾಕು ಅಂತ ಅದೇ ಹೇಳೈತೆ. ನೀವು ನಾನು ಯಾರಾದ್ರೇನು?"

ಕೈ ಸರಿಯಿತು. ತಟ್ಟನೆ ಏಳಲು ಹೋದ ನನ್ನನ್ನು ಅವಳು ತಡೆದಳು. ಪಕ್ಕದಲ್ಲಿ ಮಂಡಿಯೂರಿ ಕೂತು, ಮೈದಾನದಲ್ಲಿ ಯಾರೂ ಇಲ್ಲವೇನೋ ಎಂಬಂತೆ, "ಮೊಣಕಾಲು ಮಡಿಸ್ಕೊ. ಅಂಗೇ ಇರು. ಉಸಿರು ಬಿಡು ಮೊದ್ಲು, ಆಮೇಲೆ ತಗೊ" ಎಂದಳು. ಮುಂದಿನ ಸಾಲಿನ ಅತಿಥಿಗಳು ಕೆಮ್ಮಿದರು. ಹಿಂದಿನಿಂದ ಯಾರೋ ಶಿಳ್ಳೆ ಹೊಡೆದರು. "ಕಾಯ್ತಾರೆ ಬುಡು, ಅವರಿಗೇನ್ ಬಸ್ಸೈತಾ?" ಎಂದಳು ನನಗೆ ಮಾತ್ರ ಕೇಳುವಂತೆ. ನನಗೆ ಅಳುವಿನೊಳಗೇ ನಗು ಬಂತು, ನಗುವಿನ ಜೊತೆಗೆ ಉಸಿರೂ ಬಂತು. ನಾನು ಒಂದೊಂದೇ ಮೂಳೆ ಎಣಿಸಿಕೊಂಡವಳಂತೆ ನಿಧಾನವಾಗಿ ಎದ್ದು ಕೂರುವವರೆಗೆ ಇಡೀ ಮಧುಗಿರಿ ಕಾಯಿತು. ನಾಲ್ಕೈದು ವಾರ ಸೊಂಟ ನೋಯಿತು. ಒಂದು ಮಾತು ತಡವಾಗಿದ್ದರೆ ಏನಾಗುತ್ತಿತ್ತೋ ನನಗೆ ತಿಳಿಯದು, ತಿಳಿದವಳಂತೆ ಬರೆಯಲಾರೆ.

ಮನೆಗೆ ಬಂದ ಮೇಲೆ ಚಿಕ್ಕಪ್ಪ ಅತ್ತೇಬಿಟ್ಟ, ಮಾನ ಹೋಯಿತು ಎಂದು. ತಾತ ಕಂಬಕ್ಕೆ ಒರಗಿ ಕೂತೇ ಹೇಳಿದರು. "ನಾಳೆಯಿಂದ ಈ ಪಡಸಾಲೇಲಿ ಅದೆಲ್ಲ ಬ್ಯಾಡ, ಗೌರಿ."

"ಆಯ್ತಪ್ಪ. ಪಡಸಾಲೆ ನಿಮ್ದು."

ಮಾರನೆಯ ಬೆಳಿಗ್ಗೆ ಅವಳು ಕಂಬಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು, ಬೆಟ್ಟದ ಬುಡದಲ್ಲಿ ಚಪ್ಪಟೆಯಾಗಿ ಹರಡಿದ್ದ ಬಂಡೆಯ ಮೇಲೆ ಹೋಗಿ ಹಾಸಿದಳು. ನಾನು ಜೊತೆಗಿದ್ದೆ, ಆಸನ ಮಾಡುವಂತಿರಲಿಲ್ಲ, ಸುಮ್ಮನೆ ಕೂತಿದ್ದೆ. ಬೀದಿಯವರಿಗೆಲ್ಲ ಕಾಣುವ ಜಾಗ ಅದು. ಪಡಸಾಲೆಯ ಬಾಗಿಲ ಹಿಂದೆ ಬಗ್ಗುತ್ತಿದ್ದ ಹೆಂಗಸರು ಇಲ್ಲಿಗೆ ಬರುತ್ತಾರೆಂದು ನನಗೆ ನಂಬಿಕೆಯಿರಲಿಲ್ಲ. ಅವಳಿಗಿತ್ತೋ ಇಲ್ಲವೋ, ಕೇಳಲಿಲ್ಲ. ಹಾಲಿನವನು ಸೈಕಲ್ ನಿಲ್ಲಿಸಿ ನೋಡಿದ. ಅವಳು ಒಬ್ಬಳೇ ಕೈ ಮೇಲೆತ್ತಿ ಉಸಿರೆಳೆದುಕೊಂಡಳು. ಎರಡನೆಯ ದಿನ ಲಕ್ಷ್ಮಕ್ಕ ಬಂದಳು, ಅತ್ತೆಯ ಹತ್ತಿರ ಬೈಸಿಕೊಂಡೇ. "ಬಂಡೆ ಮೇಲೆ ನಿದ್ದೆ ಬರಾಕಿಲ್ಲ ಟೀಚರಮ್ಮ, ಇನ್ ಮ್ಯಾಲೆ ಸರಿಯಾಗಿ ಕಲೀತೀನಿ" ಎಂದಳು. ಆಮೇಲೆ ಒಬ್ಬೊಬ್ಬರೇ.

ಅಜ್ಜಿ ಬಂದದ್ದು ಯಾವಾಗ ಎಂಬುದು ನನ್ನ ನೆನಪಿನಲ್ಲಿ ಮಸುಕು. ಅವರೆಕಾಯಿ ಕಾಲ ಎಂದು ಮಾತ್ರ ಗೊತ್ತು, ಯಾಕೆಂದರೆ ಅವಳ ಬೆರಳಲ್ಲಿ ಸೊಗಡಿನ ವಾಸನೆಯಿತ್ತು. ತಾತ ತೋಟಕ್ಕೆ ಹೊರಡದೆ ಇನ್ನೂ ಪಡಸಾಲೆಯಲ್ಲೇ ಕೂತಿದ್ದರು. ಮೊಣಕಾಲು ನೋವಿನ ಅಜ್ಜಿ ಸೆರಗು ಸಿಕ್ಕಿಸಿಕೊಂಡು ಅವರ ಮುಂದೆಯೇ ಹಾದು ಹೊಸಿಲು ದಾಟಿದಳು.

"ಎಲ್ಲಿಗೆ?"

"ಗೌರಿ ತಾವ್ಕೆ. ಕಾಫಿ ಒಲೆ ಮ್ಯಾಲೈತೆ, ಬಗ್ಗಿಸ್ಕೊಳಿ."

ಬಂಡೆಯ ಮೇಲೆ ಗೌರತ್ತೆ ಅವಳಿಗೆ ಕಲಿಸಿದ್ದು ಗೋಡೆಯಂಥ ಕಲ್ಲಿಗೆ ಒರಗಿ ಕೂತು ಪಾದವನ್ನು ಹಿಂದೆ ಮುಂದೆ ಆಡಿಸುವುದು, ಅಷ್ಟೇ. ಸ್ವಲ್ಪ ಹೊತ್ತಿಗೆ ಅಜ್ಜಿ ಕೈಯೆತ್ತಿ "ಸಾಕು ಕಣಮ್ಮ" ಎಂದಳು. ಗೌರತ್ತೆ ಕೂಡಲೇ ಮುಂದಿನವರ ಕಡೆ ತಿರುಗಿದಳು. ಅಜ್ಜಿಯ ಮುಖವನ್ನು ನಾನು ನೋಡುತ್ತಿದ್ದೆ. ಇನ್ನೊಮ್ಮೆ ಬಲವಂತ ಮಾಡುತ್ತಾರೆಂದು ಕಾದಿದ್ದ ಮುಖ ಅದು. ಯಾರೂ ಮಾಡಲಿಲ್ಲ. ಎತ್ತಿದ್ದ ಕೈಯನ್ನು ಮಡಿಲಿಗಿಳಿಸಿ ಅವಳು ಬೆಟ್ಟದ ಕಡೆ ತಿರುಗಿದಳು.

ಈಗ ಅಜ್ಜಿಯಿಲ್ಲ, ತಾತನಿಲ್ಲ, ಕಂಬಗಳನ್ನು ಯಾರೋ ಕೊಂಡುಹೋದರು. ಗೌರತ್ತೆ ಹೋಗಿ ವರ್ಷವಾಗುತ್ತ ಬಂತು. ಹನ್ನೊಂದನೆಯ ದಿನದ ತಿಥಿಯಲ್ಲಿ ಊಟಕ್ಕೆ ಕೂತಾಗ ಚಿಕ್ಕಪ್ಪ, ಅವನಿಗೂ ವಯಸ್ಸಾಗಿದೆ, ಎಲ್ಲರೆದುರು ಹೇಳಿದ: "ಅಷ್ಟ್ ಯೋಗ ಮಾಡಿ ಏನ್ ಬಂತು? ನಮ್ ಹಂಗೇ ಬಿ.ಪಿ., ನಮ್ ಹಂಗೇ ಆಸ್ಪತ್ರೆ." ಕೆಲವರು ತಲೆದೂಗಿದರು. ನನಗೆ ಸಿಟ್ಟು ಬಂತು, ಇನ್ನೂ ಇಳಿದಿಲ್ಲ, ಇಳಿಸಿಕೊಳ್ಳುವ ಆಸೆಯೂ ಇಲ್ಲ. ಅವಳು ಯಾರಿಗೂ ನೂರು ವರ್ಷದ ಆಯಸ್ಸಿನ ಆಸೆ ತೋರಿಸಿರಲಿಲ್ಲ. ಬೆಳಿಗ್ಗೆ ಮಾತ್ರೆ ನುಂಗಿ, ಆಮೇಲೆ ಕಂಬಳಿ ಹಾಸುತ್ತಿದ್ದಳು. ಮಾತ್ರೆ ಬಿಟ್ಟು ಯೋಗ ಮಾಡುತ್ತೇನೆ ಎಂದವರನ್ನು ಬೈದು ಡಾಕ್ಟರ ಹತ್ತಿರ ಅಟ್ಟುತ್ತಿದ್ದಳು. ಕೊನೆಯ ತಿಂಗಳುಗಳಲ್ಲಿ ಮಂಚದ ಮೇಲೆ ಎರಡು ಕೈಗಳನ್ನಷ್ಟೇ ಎತ್ತುತ್ತಿದ್ದಳು, ಆಮೇಲೆ ಒಂದನ್ನು. "ಇವತ್ತಿನ ಆಸನ ಇಷ್ಟು ಕಣೇ ವಿಜಿ" ಎಂದು ನನ್ನ ಕಡೆ ತಿರುಗಿ ಹೇಳುತ್ತಿದ್ದಳು. ಸೋತ ದನಿಯಲ್ಲಿ ಅಲ್ಲ.

"ಬಂದದ್ದು ಏನೂಂದ್ರೆ ಚಿಕ್ಕಪ್ಪ, ಅವಳ ಮೈ ಕೊನೇವರೆಗೂ ಅವಳದಾಗೇ ಇತ್ತು" ಎಂದೆ. ಅವನಿಗೆ ಅರ್ಥವಾಯಿತೋ ಇಲ್ಲವೋ, ಎಲೆ ಮಡಿಸಿ ಎದ್ದ.

ನಾನು ಈಗ ನನ್ನ ಬಾಡಿಗೆ ಮನೆಯ ಮಹಡಿಯಲ್ಲಿ, ಯಾರೂ ನೋಡದ ಕಡೆ, ಬೆಳಿಗ್ಗೆ ಕಾಲು ಚಾಚಿ ಕೂರುತ್ತೇನೆ. ಮೊಣಕಾಲು ಸ್ವಲ್ಪ ಮಡಿಸಿ, ಉಸಿರು ಬಿಡುತ್ತಾ ಬಗ್ಗುತ್ತೇನೆ. ಇಷ್ಟು ವರ್ಷವಾದರೂ ನನ್ನ ಬೆರಳು ಪಾದ ಮುಟ್ಟಿಲ್ಲ. ಮುಟ್ಟಬೇಕೆಂದು ಅವಳು ಒಂದು ದಿನವೂ ಹೇಳಿರಲಿಲ್ಲ.