ತಸ್ನೀಮಾ ಹೊಡೆದುಹಾಕಿದ್ದ ಸಾಲು

ಆ ಸಾಲನ್ನು ಪುಸ್ತಕದೊಳಗೆ ಮರಳಿ ಸೇರಿಸಿದವಳು ನಾನು. ತಸ್ನೀಮಾ ಅಲ್ಲ. ಅವಳು ಅದನ್ನು ಹೊಡೆದುಹಾಕಲು ಮರೆತಿರಲಿಲ್ಲ, ಅವಳ ಕಣ್ಣು ತಪ್ಪಿರಲಿಲ್ಲ. ತನ್ನನ್ನು ನಂಬಿ ಬಾಯಿಬಿಟ್ಟ ಹೆಂಗಸರನ್ನು ಅವಳು ಹೆಸರು ಮಾಡಲು ಬಳಸಿಕೊಂಡಳು ಎಂದು ಹನ್ನೊಂದು ವರ್ಷ ಜನ ಆಡಿದರಲ್ಲ — ಅದೆಲ್ಲ ಸುಳ್ಳು. ಸುಳ್ಳೆಂದು ಗೊತ್ತಿದ್ದವಳು ನಾನೊಬ್ಬಳೇ. ಗೊತ್ತಿದ್ದೂ ಹಿಂದೂಪುರದ ನನ್ನ ಮನೆಯಲ್ಲಿ ಕುಕ್ಕರ್ ಇಟ್ಟುಕೊಂಡು, ಬಟ್ಟೆ ಮಡಚಿಕೊಂಡು ಸುಮ್ಮನಿದ್ದೆ.

ತಸ್ನೀಮಾ ಮತ್ತು ನಾನು ಕಾನ್ವೆಂಟಿನಲ್ಲಿ ಒಂದೇ ಬೆಂಚಿನವರು. ನಾನು ಓದು ಮುಗಿಸಿ ನೇಯ್ಗೆಯವರ ಮನೆಗೆ ಸೊಸೆಯಾಗಿ ಬಂದೆ. ಅವಳು ಡಾಕ್ಟರೇಟ್ ಮಾಡಿ, ಹಿಂದೂಪುರಕ್ಕೇ ಮರಳಿ ಕಾಲೇಜಿನಲ್ಲಿ ಪಾಠಕ್ಕೆ ಸೇರಿದಳು. ಮೂವತ್ತು ದಾಟಿದ ಮೇಲೆ ಕುಳಿತು ಅರಬ್ಬಿ ಕಲಿತಳು. ನಿಕಾಹ್, ಮೆಹರ್, ತಲಾಕಿನ ಬಗ್ಗೆ ಧರ್ಮಗ್ರಂಥ ಹೆಣ್ಣಿಗೆ ಏನು ಕೊಟ್ಟಿದೆ, ಮನೆಗಳಲ್ಲಿ ಅವಳ ಕೈಗೆ ಏನು ಸೇರಿದೆ — ಇದನ್ನು ತಿಳಿಯುವುದೇ ಅವಳ ಕೆಲಸ. ಅವಳ ಜನರಲ್ಲೇ ಕೆಲವರು ಮುಖ ತಿರುಗಿಸಿದರು. ಅವಳ ಜನರನ್ನು ಹೀಗಳೆಯಲು ಕಾದಿದ್ದ ಇನ್ನೊಂದು ಕಡೆಯವರು ಸನ್ಮಾನದ ಶಾಲು ಹಿಡಿದುಕೊಂಡು ಬಂದರು, ನಮ್ಮ ವೇದಿಕೆಯಲ್ಲಿ ಮಾತಾಡಿ ಎಂದರು. ಅವಳು ಬಾಗಿಲಲ್ಲೇ ನಿಂತು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ: "ನಮ್ಮನೆ ಜಗಳ ನಾವು ಆಡ್ಕೊಂತೀವಿ ಕಣಪ್ಪ. ನೀವು ಮೈಕ್ ತಗೊಂಡು ಬರಬೇಡಿ."

ಪ್ರತಿ ಗುರುವಾರ ಕಲ್ಯಾಣದುರ್ಗಕ್ಕೆ ಹೋಗುತ್ತಿದ್ದಳು. ಸೋಮಂದೇಪಲ್ಲಿ ದಾಟಿ ಪೆನುಕೊಂಡದಲ್ಲಿ ಬಸ್ಸು ಬದಲಾಯಿಸಬೇಕು. ಎಷ್ಟೋ ಸಲ ನಾನೂ ಜೊತೆಗಿರುತ್ತಿದ್ದೆ. ಅಲ್ಲಿ ಒಂದು ಬೀದಿಯ ಹೆಂಗಸರು, ಬ್ರಹ್ಮಸಮುದ್ರದ ಕಡೆಯಿಂದ ಕೂಲಿಗೆ ಬಂದ ಒಬ್ಬಿಬ್ಬರು, ಯಾರದೋ ಮನೆಯ ನಡುಮನೆಯಲ್ಲಿ ಸೇರುತ್ತಿದ್ದರು. ಅವಳು ಮೊದಲು ಧರ್ಮಗ್ರಂಥ ಓದಿ ಅರ್ಥ ಹೇಳುವಳು. ಆಮೇಲೆ ಅವರು ತಮ್ಮ ಕಥೆ ಹೇಳುವರು. ರೆಕಾರ್ಡರ್ ನೆಲದ ಮೇಲಿರುತ್ತಿತ್ತು, ಯಾರಾದರೂ ಅತ್ತರೆ ಆರಿಸಿಬಿಡುತ್ತಿದ್ದಳು. ಈ ಕಥೆಗಳಿಂದ ಅವಳು ಮಾಡಲಿದ್ದ ಪುಸ್ತಕದಲ್ಲಿ ಯಾರ ನಿಜ ಹೆಸರೂ ಬರಕೂಡದು, ಹೊಸ ಹೆಸರನ್ನು ಅವರೇ ಆರಿಸಿಕೊಳ್ಳಬೇಕು. ಬಾಣಲೆ ಮಸಿ ಕೈಗಂಟಿಸಿಕೊಂಡೇ ಬರುತ್ತಿದ್ದ ಒಬ್ಬಾಕೆ, "ನಂಗೆ ರಾಣಿ ಅಂತ ಇಕ್ಕಮ್ಮ. ನಿನ್ ಬುಕ್ಕಿನಾಗಾದ್ರೂ ಕುರ್ಚಿ ಮ್ಯಾಲೆ ಕೂತ್ಕಂತೀನಿ" ಅಂದಾಗ ಪಕ್ಕದವಳು, "ಕೂತ್ಕೋ ಕೂತ್ಕೋ, ರೊಟ್ಟಿ ಯಾರು ಬಡೀತಾರೆ, ಮೀ ಆಯನಾ?" ಎಂದು ತೆಲುಗಿನಲ್ಲಿ ಅವಳ ಗಂಡನನ್ನು ಮಾತಿಗೆ ಎಳೆದಿದ್ದಳು. ಎಲ್ಲರೂ ಸೆರಗು ಬಾಯಿಗೆ ಹಿಡಿದು ನಕ್ಕಿದ್ದರು.

ಹೆಸರಷ್ಟೇ ಅಲ್ಲ. ಗುರುತು ಹತ್ತುವ ಏನೇ ಇರಲಿ — ಮನೆ ಮುಂದಿನ ಮರ, ಮುಖದ ಮಚ್ಚೆ, ಕೈಕೆಲಸ — ಎಲ್ಲವನ್ನೂ ತಸ್ನೀಮಾ ಕೆಂಪು ಪೆನ್ಸಿಲ್ಲಿನಲ್ಲಿ ಹೊಡೆದುಹಾಕುತ್ತಿದ್ದಳು.

ರೆಕಾರ್ಡರ್ ಕೇಳಿ ಬರೆಯುವುದು, ಅವಳು ತಿದ್ದಿದ ಮೇಲೆ ಶುದ್ಧಪ್ರತಿ ಮಾಡುವುದು ನನ್ನ ಕೆಲಸ. ಅವಳ ಅಕ್ಷರ ಅವಳಿಗೇ ತಿಳಿಯದು. ನನ್ನದು ಕಾನ್ವೆಂಟಿನ ಸಿಸ್ಟರುಗಳು ತಿದ್ದಿದ ಕೈ. ಮಧ್ಯಾಹ್ನ ಊಟವಾದ ಮೇಲೆ, ಪಕ್ಕದ ಮನೆಯ ಮಗ್ಗದ ಸದ್ದು ಕೇಳುತ್ತಾ ಬರೆಯುತ್ತಿದ್ದೆ. ಆ ಎರಡು ಗಂಟೆ ನಾನು ಯಾರ ಸೊಸೆಯೂ ಅಲ್ಲ ಅನಿಸುತ್ತಿತ್ತು.

ಆ ಹೆಂಗಸರಲ್ಲಿ ಒಬ್ಬರನ್ನು ಬೀಬಿಜಾನ್ ಎಂದು ಇಲ್ಲಿ ಕರೆಯುತ್ತೇನೆ. ಅವರ ಹೆಸರು ಇದಲ್ಲ, ಪುಸ್ತಕದಲ್ಲಿದ್ದ ಹೆಸರೂ ಇದಲ್ಲ. ಪಾವಗಡದ ಕಡೆಯಿಂದ ಕಲ್ಯಾಣದುರ್ಗಕ್ಕೆ ಮದುವೆಯಾಗಿ ಬಂದವರು, ನಮ್ಮ ಹಾಗೇ ಕನ್ನಡ ಮಾತಾಡುವವರು. ರೇಷ್ಮೆ ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತಿದ್ದರು. ಆರು ಗುರುವಾರ ಬಂದು ಸುಮ್ಮನೆ ಕುಳಿತು ಎದ್ದು ಹೋದವರು ಏಳನೆಯದಕ್ಕೆ ಬಾಯಿಬಿಟ್ಟರು.

ನಿಕಾಹ್ ದಿನ ವಕೀಲರು — ಹೆಣ್ಣಿನ ಪರವಾಗಿ ನಿಲ್ಲುವ ಹಿರಿಯರೊಬ್ಬರು — ಸಾಕ್ಷಿಗಳ ಜೊತೆ ಪರದೆಯಾಚೆ ನಿಂತು ಹುಡುಗಿಯ ಒಪ್ಪಿಗೆ ಕೇಳುತ್ತಾರೆ. ಇವರನ್ನೂ ಕೇಳಿದರು. ಆಗ ಹದಿನಾರು. ಇವರಿಗೆ ಇಷ್ಟವಿರಲಿಲ್ಲ, ಬೇಡ ಎನ್ನಲು ಬಾಯಿ ತೆರೆದರು. ಹಿಂದೆ ಕುಳಿತಿದ್ದ ಸೋದರತ್ತೆ ಮುಸುಕಿನೊಳಗೆ ಕೈ ತೂರಿಸಿ ಆ ಬಾಯಿ ಮುಚ್ಚಿ, ತಾನೇ ಸಣ್ಣ ದನಿ ಮಾಡಿ "ಕಬೂಲ್" ಅಂದಳು. ಮೂರು ಸಲ. ಆಚೆ ಯಾರಿಗೂ ತಿಳಿಯಲಿಲ್ಲ.

"ಗಂಡ ಒಳ್ಳೇವ್ರೇ ಕಣಮ್ಮ," ಅಂದಿದ್ದರು ಬೀಬಿಜಾನ್. "ಒಂದಿನ ಕೈ ಎತ್ತಿಲ್ಲ. ಆದ್ರೂ ನಾನು ಅನ್ನದೇ ಇರೋ ಮಾತಿನ ಮ್ಯಾಲೆ ಇಪ್ಪತ್ನಾಕು ವರ್ಸ ಸಂಸಾರ ಮಾಡ್ಬುಟ್ಟೆ."

ತಸ್ನೀಮಾಳ ಪುಸ್ತಕ ನಿಂತಿದ್ದು ಈ ಮಾತಿನ ಮೇಲೆಯೇ. ಹೆಣ್ಣು ಒಪ್ಪದೆ ನಿಕಾಹ್ ಇಲ್ಲ, ಧರ್ಮವೇ ಅವಳನ್ನು ಕೇಳು ಎನ್ನುತ್ತದೆ, ಕೇಳಿದಂತೆ ಮಾಡಿ ಬಾಯಿ ಮುಚ್ಚಿದವರು ನಾವು — ಇದು ಅವಳ ವಾದ. ಮುಂದಿನ ಪುಸ್ತಕವೂ ಅದೇ ಆಗಬೇಕಿತ್ತು: ಮದುವೆಗೆ ಮೊದಲು ಹುಡುಗಿಯನ್ನು ಒಂಟಿಯಾಗಿ ಕೂರಿಸಿ ಕೇಳುವ ಪದ್ಧತಿಯನ್ನು ಊರೂರಲ್ಲಿ ತರುವುದು ಹೇಗೆ ಎಂದು. ಗೋರಂಟ್ಲದ ಒಬ್ಬ ಹಿರಿಯ ಮೌಲ್ವಿ ಅದಕ್ಕೆ ಹ್ಞೂಂ ಅಂದಿದ್ದರು ಕೂಡ.

ಬೀಬಿಜಾನ್ ಅಧ್ಯಾಯ ಬರೆಯುವಾಗ ನಾನೊಂದು ಸಾಲು ಸೇರಿಸಿದೆ. ಅವರು ಮಾತಾಡುತ್ತಲೇ ಕುಚ್ಚು ಕಟ್ಟುತ್ತಿದ್ದರಲ್ಲ — ಆ ಗಂಟಿನಲ್ಲಿ ಬೇರಾರೂ ಮಾಡದ ಒಂದು ಸಣ್ಣ ವಿಶೇಷವಿತ್ತು. ಅದನ್ನು ಬರೆದೆ. ಏನೆಂದು ಇಲ್ಲಿ ಮತ್ತೆ ಬರೆಯಲಾರೆ. ಚೆಂದದ ಸಾಲು. ಅಷ್ಟು ಚೆಂದದ್ದನ್ನು ನಾನು ಹಿಂದೆಯೂ ಬರೆದಿರಲಿಲ್ಲ, ಆಮೇಲೂ ಬರೆದಿಲ್ಲ.

ತಸ್ನೀಮಾ ಓದಿ ಕೆಂಪು ಪೆನ್ಸಿಲ್ ಎತ್ತಿಕೊಂಡಳು. "ನಿನ್ ಕಣ್ಣು ಬಲೇ ಕಣ್ಣು ಕಣೆ," ಅಂದಳು. "ಅದಕ್ಕೇ ನಂಗೆ ಭಯ." ಒಂದು ಗೆರೆ ಎಳೆದಳು, ಅದರ ಮೇಲೆ ಇನ್ನೊಂದು. "ಸಾರಿ ಕಣೆ. ಇದು ಹೋಗ್ಲೇಬೇಕು."

ಶುದ್ಧಪ್ರತಿ ಮಾಡುವಾಗ ನಾನು ಅದನ್ನು ಮತ್ತೆ ಬರೆದೆ.

ಯಾಕೆ? ನೂರೆಂಬತ್ತು ಪುಟದ ಪುಸ್ತಕದಲ್ಲಿ ನನ್ನದೂ ಒಂದು ಸಾಲು ಇರಲಿ ಎಂದು — ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ. ತಿಳಿಯದೆ ಮಾಡಿದೆ ಎನ್ನುವಂತೆಯೂ ಇಲ್ಲ. ನಾನು ನೇಯ್ಗೆಯವರ ಮನೆಯ ಸೊಸೆ. ಸೆರಗಿನ ತುದಿ ಬೆರಳಿಗೆ ತಗುಲಿದರೆ ಸಾಕು, ಇದು ಯಾರ ಕುಚ್ಚು ಎಂದು ನಮ್ಮತ್ತೆ ಹೇಳುತ್ತಿದ್ದರು. ಕೈಬರಹದಂತೆ ಕೈಗಂಟೂ ಒಬ್ಬರದೇ ಎಂದು ತಸ್ನೀಮಾಳಿಗಿಂತ ಚೆನ್ನಾಗಿ ನನಗೆ ಗೊತ್ತಿತ್ತು.

ಅಚ್ಚಿನ ಪ್ರೂಫ್ ಬಂದಾಗಲೂ ಒಂದು ಅವಕಾಶವಿತ್ತು. "ನೀನೇ ನೋಡ್ಬುಡೆ, ನಂಗೆ ಪರೀಕ್ಷೆ ಪೇಪರ್ ಕಟ್ಟು ಬಿದ್ದೈತೆ" ಎಂದು ಅವಳು ನನ್ನ ಕೈಗೇ ಕೊಟ್ಟಳು. ನೋಡಿದೆ. ಅಚ್ಚಿನಲ್ಲಿ ಆ ಸಾಲು ಇನ್ನೂ ಚೆಂದ ಕಾಣಿಸಿತು.

ಪುಸ್ತಕ ಕಲ್ಯಾಣದುರ್ಗ ತಲುಪಿತು. ಆ ಬೀದಿಯದೇ ಒಬ್ಬ ಕಾಲೇಜು ಹುಡುಗಿ ಒಂದು ಮನೆಯಲ್ಲಿ ಹೆಂಗಸರನ್ನು ಕೂರಿಸಿಕೊಂಡು ಗಟ್ಟಿಯಾಗಿ ಓದಿದಳಂತೆ. ಆ ಸಾಲು ಬಂದಾಗ ಒಬ್ಬೊಬ್ಬರೇ ತಾವು ಉಟ್ಟ ಸೀರೆಯ ಸೆರಗನ್ನು ಮಡಿಲಿಗೆ ಎಳೆದುಕೊಂಡು ಕುಚ್ಚಿನ ಗಂಟು ನೋಡಿದರಂತೆ. ಆ ಗುಂಪಿನಲ್ಲಿ ಬೀಬಿಜಾನರ ಮಗಳು ಶಾಹಿದಾಳ — ಇದೂ ನಿಜ ಹೆಸರಲ್ಲ — ಭಾವೀ ಅತ್ತೆಯೂ ಕುಳಿತಿದ್ದಳು.

ತಿಂಗಳೊಪ್ಪತ್ತಿನಲ್ಲಿ ನಡೆಯಬೇಕಿದ್ದ ಮದುವೆ. "ತಾಯಿ ನಿಕಾಹೇ ನಿಕಾಹಲ್ಲ ಅಂತ ಅವಳೇ ಬುಕ್ಕಿನಾಗೆ ಹೇಳವ್ಳೆ. ಮಗಳನ್ನ ಏನಂತ ಮನೆ ತುಂಬಿಸ್ಕೊಳ್ಳಾದು?" — ಗಂಡಿನ ಕಡೆಯವರು ಬೀದಿಯಲ್ಲಿ ನಿಂತು ಆಡಿದ ಮಾತು. ಸಂಬಂಧ ಮುರಿಯಿತು. ಬೀಬಿಜಾನರ ಗಂಡ ಬೈಯಲಿಲ್ಲ, ಹೊಡೆಯಲಿಲ್ಲ. ತಟ್ಟೆಗೆ ತಾವೇ ಬಡಿಸಿಕೊಳ್ಳತೊಡಗಿದರು. ಶಾಹಿದಾ ತಾಯಿಯನ್ನು ಒಂದೇ ಮಾತು ಕೇಳಿದಳಂತೆ: "ಹೇಳ್ಕೊಳ್ಳಕ್ಕೆ ನಾನಿರ್ಲಿಲ್ವಾ ಅಮ್ಮೀ?" ಆಮೇಲೆ ಚಿಕ್ಕಮ್ಮನ ಮನೆಗೆ ಹೊರಟುಹೋದಳು. ಇವತ್ತಿಗೂ ಅವಳಿಗೆ ಮದುವೆಯಿಲ್ಲ.

ಸುದ್ದಿ ತಿಳಿದ ದಿನ ತಸ್ನೀಮಾ ಆಟೋದಿಂದಿಳಿದು ನೇರ ನನ್ನ ಅಡುಗೆಮನೆಗೆ ಬಂದಳು. ಚಪ್ಪಲಿ ಬಿಡುವುದನ್ನೂ ಮರೆತಿದ್ದಳು. ಪುಸ್ತಕ ತೆರೆದು ಬೆರಳಿಟ್ಟಳು.

"ಇದನ್ನ ನಾನು ಹೊಡೆದಿದ್ನಲ್ವೇನೆ?"

ನಾನು ಹುರುಳಿಕಾಯಿ ನಾರು ತೆಗೆಯುತ್ತಿದ್ದೆ. ತಲೆಯೆತ್ತಲಿಲ್ಲ.

"ಇಲ್ಲ ಕಣೆ. ಹೊಡೆದಿರ್ಲಿಲ್ಲ."

ಎರಡೇ ಮಾತು. ಅವಳು ಮತ್ತೊಮ್ಮೆ ಕೇಳಲೂ ಇಲ್ಲ. ತನ್ನ ನೆನಪಿಗಿಂತ ನನ್ನನ್ನು ನಂಬಿದಳು. ತಿದ್ದಿದ ಹಾಳೆಗಳೆಲ್ಲಿ ಎಂದಳು, ರದ್ದಿಗೆ ಹೋದವು ಎಂದೆ. ಅವು ನನ್ನ ಬೀರುವಿನಲ್ಲಿದ್ದವು. ಮರುದಿನ ಬೆಳಿಗ್ಗೆ ಬಚ್ಚಲ ಒಲೆಗೆ ಹಾಕಿ, ಆ ಉರಿಗೆ ಕಾದ ನೀರಲ್ಲೇ ತಲೆಗೆ ಸ್ನಾನ ಮಾಡಿದೆ.

ಅವಳು ಕಲ್ಯಾಣದುರ್ಗದ ಆ ಬೀದಿಗೆ ಒಬ್ಬಳೇ ಹೋದಳು. ಕಥೆ ಹೇಳಿದ್ದ ಪ್ರತಿಯೊಬ್ಬರ ಬಾಗಿಲಲ್ಲೂ ನಿಂತು ತಪ್ಪೊಪ್ಪಿಕೊಂಡಳು, ಅವರವರ ರೆಕಾರ್ಡುಗಳನ್ನು ಅವರವರ ಕೈಗೇ ಕೊಟ್ಟಳು. ಉಳಿದ ಪ್ರತಿಗಳನ್ನು ಅಂಗಡಿಗಳಿಂದ ಹಿಂದಕ್ಕೆ ತರಿಸಿದಳು. ವರ್ಷಗಟ್ಟಲೆ ಎದುರು ನಿಂತವರ ಬೈಗುಳಕ್ಕೆ ಬಗ್ಗದವಳು ಈಗ ಯಾರು ಏನಂದರೂ ತಲೆ ತಗ್ಗಿಸಿದಳು. ಎರಡನೆಯ ಪುಸ್ತಕ ಬರೆಯಲಿಲ್ಲ. ಹುಡುಗಿಯನ್ನು ಒಂಟಿಯಾಗಿ ಕೂರಿಸಿ ಕೇಳುವ ಪದ್ಧತಿಯೂ ಅಲ್ಲಿಗೇ ನಿಂತಿತು — ಅದಾದ ಮೇಲೆ ಆ ಬೀದಿಗಳಲ್ಲಿ ಎಷ್ಟು ಹುಡುಗಿಯರನ್ನು ಯಾರೂ ಕೇಳಲಿಲ್ಲವೋ… ಅದೂ ನನ್ನ ತಲೆಯ ಮೇಲೆಯೇ.

ಅವಳೊಂದಿಗಿನ ಗೆಳೆತನ ಮಾತ್ರ ಉಳಿಯಿತು. ಇದು ಎಲ್ಲಕ್ಕಿಂತ ಹೇಸಿಗೆಯ ಮಾತು. ಹಬ್ಬಕ್ಕೆ ಅವಳ ಮನೆಯ ಶೀರ್‌ಕುರ್ಮಾ ತಿಂದೆ. ಮೂತ್ರಪಿಂಡದ ಕಾಯಿಲೆಯಾಗಿ ಅವಳು ಹಾಸಿಗೆ ಹಿಡಿದಾಗ ಗಂಜಿ ಒಯ್ದೆ. ಹೋದ ವರ್ಷ, ಸಾವಿಗೆ ಇನ್ನು ವಾರವಷ್ಟೇ ಇರುವಾಗ ನನ್ನ ಕೈ ಹಿಡಿದು ಕೇಳಿದಳು: "ಆ ಸಾಲು ನನ್ ಕಣ್ಣಿಗೆ ಹೆಂಗೆ ಬೀಳ್ದೆ ಹೋಯ್ತೇ?" ನಾನು ಅವಳ ಹೊದಿಕೆ ಸರಿಮಾಡಿದೆ. ಗಂಜಿ ಆರುತ್ತಿದೆ ಎಂದೆ.

ಅವಳು ಹೋದ ಮೇಲೆ ಹತ್ತು ತಿಂಗಳು ತಡೆದು, ಕಳೆದ ತಿಂಗಳು ಕಲ್ಯಾಣದುರ್ಗಕ್ಕೆ ಹೋದೆ. ಬೀಬಿಜಾನ್ ಹೊಸ್ತಿಲ ಮೇಲೆ ಬೇಳೆ ಆರಿಸುತ್ತಿದ್ದರು. ಕುಚ್ಚು ಕಟ್ಟುವುದನ್ನು ಯಾವತ್ತೋ ಬಿಟ್ಟಿದ್ದಾರೆ. ನಿಂತುಕೊಂಡೇ ಎಲ್ಲ ಹೇಳಿದೆ — ಸಾಲು, ಸುಳ್ಳು, ಒಲೆ. ಕಾಲಿಗೆ ಬೀಳಲು ಬಗ್ಗಿದೆ.

"ನಿಂತ್ಕೋ," ಅಂದರು. ಮೊರ ಪಕ್ಕಕ್ಕಿಟ್ಟರು. "ನನ್ ಬಾಳು ಹೋಯ್ತು, ನನ್ ಮಗಳದ್ದು ಹೋಯ್ತು. ಅದು ಹಳೇದಾತು, ಬುಡು. ಆ ಯಮ್ಮ ಇಲ್ಲೇ, ಇದೇ ಜಾಗದಾಗೆ ನನ್ ಕಾಲು ಹಿಡ್ಕಂಡ್ಳು. ಕಾಲು ಕಿತ್ಕಂಡು ಬಾಗಿಲು ಹಾಕ್ಬುಟ್ಟೆ. ಎಷ್ಟೋ ಹೊತ್ತು ಆಚೆ ನಿಂತಿದ್ಲು, ಅವ್ಳ ಉಸಿರು ಕೇಳ್ತಿತ್ತು ನಂಗೆ. ಸತ್ಲು ಅಂತ ಸುದ್ದಿ ಬಂದಾಗ್ಲೂ ಮಣ್ಣಿಗೆ ಹೋಗ್ಲಿಲ್ಲ, ಒಂದು ದುವಾ ಮಾಡ್ಲಿಲ್ಲ." ಹೊಸ್ತಿಲ ಮೇಲೆ ಬಿದ್ದಿದ್ದ ಒಂದು ಕಾಳನ್ನು ಹೆಕ್ಕಿ ಮೊರಕ್ಕೆ ಹಾಕಿದರು. "ಏನೂ ಮಾಡ್ದೇ ಇರೋಳಿಗೆ ನನ್ ಕೈಲಿ ಇಂಥಾದ್ದು ಮಾಡಿಸ್ಬುಟ್ಟೆಯಲ್ಲಮ್ಮ ನೀನು. ಈಗ ನಾನು ಯಾರ್ ಹತ್ರ ಹೋಗಿ ಮಾಫಿ ಕೇಳ್ಲಿ?"

ನನ್ನನ್ನು ಕ್ಷಮಿಸುವ ಮಾತು ಅವರು ಎತ್ತಲಿಲ್ಲ, ಎತ್ತಲೂಬಾರದು. ಇದನ್ನೆಲ್ಲ ಬರೆಯಲು ಅಪ್ಪಣೆ ಕೇಳಿದೆ. "ಬರಿ. ಊರಿಗೆಲ್ಲ ಗೊತ್ತಿರಾದು ಬಚ್ಚಿಟ್ಟು ಏನಾಗ್ಬೇಕೈತೆ? ನನ್ ಹೆಸರು ಮಾತ್ರ ಬ್ಯಾಡ. ನಿಂದು ಹಾಕು," ಅಂದರು. ಮೊರ ಎತ್ತಿಕೊಂಡು ಒಳಗೆ ಹೋಗುವಾಗ ಹಿಂತಿರುಗಿ ನೋಡದೆ ಸೇರಿಸಿದರು: "ಬರೆದ್ರೆ ಇಲ್ಲಿ ಯಾರು ಓದ್ತಾರೆ? ಆ ಯಮ್ಮ ಹೋಗಿದ್ದ ಮನೆಗೆಲ್ಲ ಹೋಗಿ ಬಾಯಾಗೆ ಹೇಳು."

ಹದಿನಾಲ್ಕು ಮನೆ. ಆವತ್ತು ಮೂರಕ್ಕೆ ಹೋದೆ. ಮೂರನೆಯ ಮನೆಯಾಕೆ ನಾನು ಹೇಳುವುದನ್ನು ಪೂರ್ತಿ ಕೇಳಿ, ನನ್ನ ಮುಖದ ಮೇಲೆ ಮೆಲ್ಲಗೆ ಕದ ಹಾಕಿದಳು. ಬಾಗಿಲಾಚೆ ನಿಲ್ಲುವುದು ಹೇಗಿರುತ್ತದೆ ಎಂದು ಆಗ ತಿಳಿಯಿತು. ಆದರೆ ತಸ್ನೀಮಾ ಅಲ್ಲಿ ನಿಂತದ್ದು ತಾನು ಮಾಡದ ತಪ್ಪಿಗೆ.

ನನ್ನ ಹೆಸರು ವನಜಾಕ್ಷಿ. ಇನ್ನು ಹನ್ನೊಂದು ಮನೆ ಉಳಿದಿವೆ. ಗುರುವಾರ ಹೋಗುತ್ತೇನೆ.