ಕೇಸರಿಬಾತ್ ತಿಂದವರ ಸಾಲು

ಅಮೆರಿಕದ ಸ್ಟಾಫರ್ಡ್‌ನಲ್ಲಿ ಕೌಂಟಿ ಆರೋಗ್ಯ ಇಲಾಖೆ, ಅಗ್ನಿಶಾಮಕ ದಳ, ಕನ್ನಡ ಸಂಘ ಮೂರೂ ಸೇರಿ ಉಪವಾಸವಿದ್ದು ಮಾಡಿಸುವ ರಕ್ತದ ಸಕ್ಕರೆ ಪರೀಕ್ಷೆಯನ್ನು ಉಚಿತವಾಗಿ ಇಟ್ಟಿದ್ದವು. ಖಾಲಿ ಹೊಟ್ಟೆಯಲ್ಲಿ ನಿಂತವರನ್ನು ನೋಡಲಾರದೆ ಸಂಘದವರು ಕೇಸರಿಬಾತ್ ಹಂಚಿಬಿಟ್ಟರು! ನನ್ನ ಗೆಳೆಯನ ತಾಯಿ ಸರೋಜಾ ಆಂಟಿಗೆ ಇಲ್ಲಿ ಆರೋಗ್ಯ ವಿಮೆಯಿಲ್ಲ, ಪರೀಕ್ಷೆಗೆ ಇದೊಂದೇ ದಾರಿ; ಆದರೂ ಬೇಡವೆನ್ನಲಾಗದೆ ತಿಂದಿದ್ದರು. ಮೇಜಿನ ಹಿಂದಿದ್ದ ಕನ್ನಡದ ನರ್ಸ್ ಅವರನ್ನು ವಾಪಸ್ ಕಳಿಸಹೊರಟರು.

ನಾನು ಬಿಡಲಿಲ್ಲ. "ತಿನ್ನಿಸಿದ್ದೂ ನೀವೇ, ತಿಂದ್ರು ಅಂತ ಓಡಿಸೋದೂ ನೀವೇನಾ? ಉಪವಾಸ ಬೇಡದ ಪರೀಕ್ಷೆ ಇಲ್ವಾ ಮೇಡಂ?"

"ಇದೆ. ಆದ್ರೆ ಈ ಶಿಬಿರದಲ್ಲಿ ಅದನ್ನ ಶುಗರ್ ಇದೆ ಅಂತ ಗೊತ್ತಿರೋರಿಗೆ ಮಾತ್ರ ಇಟ್ಟಿದೀವಿ."

"ಗೊತ್ತಿಲ್ಲದೋರಿಗೆ ತಾನೇ ಪರೀಕ್ಷೆ ಬೇಕಾಗಿರೋದು?"

ನರ್ಸ್ ಆ ಇನ್ನೊಂದು ಪರೀಕ್ಷೆಯ ಪೆಟ್ಟಿಗೆ ತೆರೆದರು.

ಗೆದ್ದೆನೆಂದು ನಾನು ತಿರುಗಿದರೆ, ಆಂಟಿ ನನ್ನ ತೋಳು ಹಿಡಿದರು. "ವಾದ ಸಾಕು ಕಣಪ್ಪ. ಸೂಜಿ ಅಂದ್ರೆ ನಂಗೆ ಭಯ, ಇಲ್ಲೇ ನಿಂತ್ಕೋ."